ತಾರೀಖು ಮುಚ್ಚಿದ ದಾರಿ

ಹಿನ್ನೀರಿನ ದಂಡೆಯ ಗುಡ್ಡದ ಮೇಲೆ ಒಂದು ಸಣ್ಣ ಮಠವಿತ್ತು. ಅಲ್ಲಿ ಚನ್ನವೀರಜ್ಜ ಎಂಬ ಗುರು, ಕಲ್ಲಿನಾಥ ಎಂಬ ಶಿಷ್ಯ, ಮತ್ತೆ ಒಂದು ಹಳೆಯ ಮೋಟರ್ ಸೈಕಲ್.

ನಗಬೇಡಿ. ಭಕ್ತರು ಮಠಕ್ಕೆ ಬರಲಿ ಎಂದು ಕಾಯುವ ಜಾಯಮಾನ ಅಜ್ಜನದಲ್ಲ. ತಾವೇ ಗಾಡಿ ಹತ್ತಿ ಊರೂರು ಸುತ್ತಿ, ಜನರ ಕಷ್ಟಸುಖ ಕೇಳಿ ಬರುತ್ತಿದ್ದರು.

ಕಲ್ಲಿನಾಥ ಮಠ ಸೇರಿದ ಬಗೆ ಬೇರೆ. ಹೊಲದ ಬದುವಿನ ಜಗಳದಲ್ಲಿ ಅಣ್ಣ ಬಾಳಪ್ಪನ ಮೇಲೆ ಏರಿಹೋಗಿದ್ದ. ಕೂದಲೆಳೆಯಲ್ಲಿ ಅನಾಹುತ ತಪ್ಪಿತ್ತು. ಕುಡಗೋಲು ಹಿಡಿದುಕೊಂಡೇ ಓಡಿಬಂದು, ಊರಿಗೆ ಬಂದಿದ್ದ ಅಜ್ಜನ ಮುಂದೆ ಏದುಸಿರು ಬಿಡುತ್ತ ನಿಂತಿದ್ದ.

ಆ ದಿನ ಅಜ್ಜ ಹೇಳಿದ್ದು ಒಂದೇ ಮಾತು.

"ಇನ್ನ ನಿಮ್ಮಣ್ಣನ ಹೊಸ್ತಿಲಾ ತುಳೀಬ್ಯಾಡ."

ಆತ ತುಳಿಯಲಿಲ್ಲ. ವರ್ಷಗಳು ಕಳೆದವು. ಅಣ್ಣನ ಮಗಳ ಮದುವೆಗೂ ಹೋಗಲಿಲ್ಲ. ಗುರುವಿನ ಮಾತನ್ನು ತನ್ನಷ್ಟು ಬಿಗಿಯಾಗಿ ಹಿಡಿದವರು ಯಾರಿದ್ದಾರೆ ಎಂಬ ಹೆಮ್ಮೆಯೂ ಒಳಗೊಳಗೇ ಇತ್ತು.

ದೀಪಾವಳಿ ಹತ್ತಿರ ಬಂದಾಗ, ಒಂದು ಬೆಳಿಗ್ಗೆ, ಆಚೆ ದಂಡೆಯಲ್ಲಿದ್ದ ಅಣ್ಣನ ಊರು ಕರಿಹೊಳಿಯಿಂದ ಒಬ್ಬ ಮನುಷ್ಯ ಬಂದ. ಬಾಳಪ್ಪ ಹಾಸಿಗೆ ಹಿಡಿದಿದ್ದಾನೆ, ಅನ್ನ ಬಿಟ್ಟಿದ್ದಾನೆ, ಡಾಕ್ಟರು ಹೆಚ್ಚು ದಿನ ಹೇಳಿಲ್ಲ ಎಂದ. ತಮ್ಮನನ್ನು ಒಮ್ಮೆ ಕಣ್ಣಿಂದ ನೋಡಬೇಕು ಎಂದು ಬಾಗಿಲ ಕಡೆಗೇ ನೋಡುತ್ತ ಮಲಗಿದ್ದಾನಂತೆ.

ಕಲ್ಲಿನಾಥನ ಮುಖ ಬಿಳಿಚಿಕೊಂಡಿತು. ಆದರೆ ಬಾಯಿಂದ ಬಂದದ್ದು ಹಳೆಯ ಮಾತೇ.

"ಗುರುವಿನ ಅಪ್ಪಣೆ ಐತಿ. ಮೀರಂಗಿಲ್ಲ."

ಬಂದವನು ಕಟ್ಟೆಯ ಮೇಲೆ ಕೂತಿದ್ದ ಅಜ್ಜನ ಮುಖ ನೋಡಿದ. ಅಜ್ಜ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಲೇ ಇದ್ದರು. ಆ ಮನುಷ್ಯ ಕೊಟ್ಟ ನೀರನ್ನೂ ಕುಡಿಯದೆ ಎದ್ದುಹೋದ.

ಸ್ವಲ್ಪ ಹೊತ್ತಿನ ಮೇಲೆ ಅಜ್ಜ ಶಿಷ್ಯನನ್ನು ಕರೆದರು. ಆಚೆ ದಂಡೆಯ ಊರುಗಳನ್ನು ನೋಡಿ ಬಹಳ ದಿನವಾಯಿತು, ನಾಳೆಯೇ ಹೊರಡೋಣ ಎಂದರು. ಮೊಣಕಾಲು ಮಡಚುವುದಿಲ್ಲ, ಗಾಡಿ ನೀನು ಹೊಡಿ, ನಾನು ಹಿಂದೆ ಕೂರುತ್ತೇನೆ. ಕಬ್ಬಿನ ಸೀಮೆಯ ತಿರುವುಗಳೆಲ್ಲ ಒಂದೇ ಥರ, ನನಗೂ ಮರೆತಿವೆ. ಪೇಟೆಗೆ ಹೋಗಿ, ಉಪಗ್ರಹ ನೋಡಿ ದಾರಿ ಹೇಳುವ ಆ ಜಿಪಿಎಸ್ ಯಂತ್ರ ಒಂದನ್ನು ತಾ ಎಂದರು.

ಕಲ್ಲಿನಾಥ ದಂಗಾದ. ದಾರಿ ತೋರಿಸಬೇಕಾದ ಗುರುವೇ ದಾರಿ ತೋರಿಸುವ ಯಂತ್ರ ಕೇಳುವುದೆಂದರೇನು. ಸಾವರಿಸಿಕೊಂಡು, ಯಾವ ಥರದ್ದು ತರಲಿ ಎಂದು ಕೇಳಿದ.

"ನಿನಗ ಯಾವುದರ ಮ್ಯಾಲ ನಂಬಿಗಿ ಬರತೈತೋ ಅದು," ಎಂದರು ಅಜ್ಜ.

ಪೇಟೆಯ ಅಂಗಡಿಯಲ್ಲಿದ್ದ ಮೆಹಬೂಬ ತಾನೂ ಗಾಡಿ ಹತ್ತಿ ದೂರ ದೂರ ತಿರುಗಿದವನು. ದೊಡ್ಡ ಪರದೆಯ ಯಂತ್ರವೊಂದನ್ನು ಮುಂದಿಟ್ಟ. ಇದು ಸುಡುಬಿಸಿಲಲ್ಲೂ ಕಾಣುತ್ತದೆ, ಮಳೆಯಲ್ಲಿ ನೆನೆದರೂ ಕೆಡುವುದಿಲ್ಲ, ಕೈಗವಸು ಹಾಕಿಕೊಂಡೇ ಒತ್ತಬಹುದು ಎಂದ. ಗಾಡಿ ಎಷ್ಟೇ ಕುಲುಕಿದರೂ ಹಿಡಿ ಸಡಿಲವಾಗುವುದಿಲ್ಲ. ನಕಾಶೆ ಆಗಾಗ ಹೊಸದಾಗುತ್ತಿರುತ್ತದೆ, ಹಿನ್ನೀರಿಗೆ ಈಚೆಗೆ ಕಟ್ಟಿದ ಸೇತುವೆ ಕೂಡ ಇದರಲ್ಲಿದೆ.

ಕಲ್ಲಿನಾಥ ಕೇಳಿದ್ದು ಒಂದೇ.

"ನಮ್ಮ ಅಜ್ಜಾರು ಹೋದ ದಾರಿ ಇದರಾಗ ಐತೇನು?"

ಮೆಹಬೂಬ ತಲೆ ಕೆರೆದುಕೊಂಡ. "ಇದರಾಗ ರಸ್ತಾ ಅದಾವ್ರಿ. ಯಾರು ಹೋದ್ರು ಅನ್ನೂದು ಇಲ್ಲ."

ಆಗ ಕಲ್ಲಿನಾಥ ಜೇಬಿನಿಂದ ಭಸ್ಮದ ಡಬ್ಬಿ ತೆಗೆದ. ಅದರೊಳಗೆ ಉಗುರಿನಷ್ಟು ಅಗಲದ ಒಂದು ಮೆಮೊರಿ ಕಾರ್ಡ್. ಹಿಂದೊಮ್ಮೆ ಭಕ್ತನೊಬ್ಬ ಅಜ್ಜನ ಗಾಡಿಗೆ ಯಂತ್ರ ಕಟ್ಟಿದ್ದ. ಯಂತ್ರ ಕೆಟ್ಟು ಎಷ್ಟೋ ಕಾಲವಾಗಿತ್ತು, ಆದರೆ ಅಜ್ಜ ಆಚೆ ದಂಡೆಗೆ ಹೋದ ದಾರಿ ಈ ಕಾರ್ಡಿನಲ್ಲಿ ಉಳಿದಿತ್ತು. ಕಲ್ಲಿನಾಥ ಅದಕ್ಕೆ ದಿನಾ ಭಸ್ಮ ಹಚ್ಚಿ ಕೈಮುಗಿಯುತ್ತಿದ್ದ. ಅಷ್ಟು ಭಕ್ತಿಯನ್ನು ತಡೆದುಕೊಂಡೂ ಕಾರ್ಡ್ ಕೆಟ್ಟಿರಲಿಲ್ಲ, ಅದೇ ದೊಡ್ಡದು.

ಮೆಹಬೂಬ ಒಲ್ಲದ ಮನಸ್ಸಿನಿಂದ ಮೂಲೆಯಲ್ಲಿದ್ದ ಸಣ್ಣ ಯಂತ್ರ ತೆಗೆದ. ಇದು ಕಾಡಲ್ಲಿ ನಡೆಯುವವರಿಗೆ, ಗಾಡಿ ಪ್ರವಾಸಕ್ಕಲ್ಲ ಎಂದ. ಇದರಲ್ಲಿ ಊರು ಕಾಣುವುದಿಲ್ಲ, ಸೇತುವೆ ಕಾಣುವುದಿಲ್ಲ. ಮೊದಲು ಹೋದವರ ಗೆರೆಯೊಂದೇ ಕಾಣುತ್ತದೆ, ಅದನ್ನು ಬಿಟ್ಟು ಸರಿದರೆ ಕಿರುಚುತ್ತದೆ. ದೊಡ್ಡದನ್ನೇ ಒಯ್ಯಿರಿ ಎಂದು ಪರಿಪರಿಯಾಗಿ ಹೇಳಿದ.

ಕಲ್ಲಿನಾಥನಿಗೆ ಕಿರುಚುವ ಯಂತ್ರವೇ ಹಿಡಿಸಿತು.

ಕಾರ್ಡ್ ಹಾಕಿದೊಡನೆ ಗೆರೆ ಮೂಡಿತು. ಪಕ್ಕದಲ್ಲೊಂದು ತಾರೀಖೂ ಮೂಡಿತು. ಅದು ಗೆರೆಗೆ ಅಡ್ಡ ಬರುತ್ತದೆ, ತೆಗೆದುಬಿಡು ಎಂದ ಕಲ್ಲಿನಾಥ. ಗುರು ಹೋದ ದಾರಿಗೆ ತಾರೀಖು ಯಾತಕ್ಕೆ ಎಂಬುದು ಅವನ ವಾದ. ಮೆಹಬೂಬ ಗುಂಡಿ ಒತ್ತಿ ಅದನ್ನು ಮುಚ್ಚಿಕೊಟ್ಟ, ಬೇಕಾದಾಗ ಮತ್ತೆ ಒತ್ತಿದರೆ ಕಾಣುತ್ತದೆ ಎಂದು ತೋರಿಸಿಯೂ ಕಳಿಸಿದ.

ಮಠದಲ್ಲಿ ಅಜ್ಜ ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಹೊಸಾ ಸೇತುವಿ ಕಾಣೂದಿಲ್ಲೇನು ಇದರಾಗ?"

"ಇಲ್ರಿ ಅಜ್ಜಾ. ನೀವು ಹೋದದ್ದಷ್ಟ ಕಾಣತೈತಿ. ತಾರೀಖು ಅಡ್ಡ ಬರತಿತ್ತು, ಮುಚ್ಚಿಸೀನಿ."

ಅಜ್ಜ ಯಂತ್ರ ವಾಪಸು ಕೊಟ್ಟರು.

ಮರುದಿನ ಹೊರಟರು. ಕಬ್ಬಿನ ನಡುವೆ ತಿರುವಿನ ಮೇಲೆ ತಿರುವು. ಒಂದೂ ತಪ್ಪಲಿಲ್ಲ. ಕಲ್ಲಿನಾಥನಿಗೆ ಹಿಗ್ಗೋ ಹಿಗ್ಗು. ಕಣ್ಣನ್ನು ಗೆರೆಯಿಂದ ಕೀಳಲೇ ಇಲ್ಲ.

ಒಂದು ಕವಲು ಬಂತು. ಬಲಕ್ಕೆ ಅಗಲವಾದ ಹೊಸ ರಸ್ತೆ, ಲಾರಿಗಳೆಲ್ಲ ಆ ಕಡೆಗೇ ಹೋಗುತ್ತಿದ್ದವು. ಎಡಕ್ಕೆ ಜಾಲಿ ಮುಳ್ಳು ಚಾಚಿದ ಹಳೆಯ ರಸ್ತೆ. ಗಾಡಿ ತಾನಾಗಿಯೇ ಬಲಕ್ಕೆ ಹೊರಳಿತು. ಯಂತ್ರ ಕಿರುಚಿಕೊಂಡಿತು. ಕಲ್ಲಿನಾಥ ತಪ್ಪು ಮಾಡಿದವನಂತೆ ತಟ್ಟನೆ ಎಡಕ್ಕೆ ತಿರುಗಿಸಿದ. ಯಂತ್ರ ಸುಮ್ಮನಾಯಿತು.

ಮೀನುಗಾರರ ಗುಡಿಸಲುಗಳು ಬಂದವು. ಅಲ್ಲಿ ಅಜ್ಜ ಗಾಡಿ ನಿಲ್ಲಿಸಲು ಹೇಳಿದರು. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಧೋತರವನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದರು. ಕಾಲು ನೋಯುತ್ತಿರಬೇಕು ಎಂದುಕೊಂಡ ಕಲ್ಲಿನಾಥ. ಯಾಕೆ ಎಂದು ಕೇಳಲಿಲ್ಲ.

ಬಲೆ ಬಿಡಿಸುತ್ತ ಕೂತಿದ್ದ ಹೆಂಗಸೊಬ್ಬಳು ಗಾಡಿ ಮುಂದೆ ಹೋಗುವುದನ್ನು ಕಂಡು ದಡಬಡಿಸಿ ಎದ್ದಳು. ಎರಡೂ ಕೈ ಎತ್ತಿ ಏನೋ ಕೂಗಿದಳು. ಅಜ್ಜ ಹೋದಲ್ಲೆಲ್ಲ ಜನ ಕೈ ಎತ್ತಿ ಮುಗಿಯುವುದು ಇದ್ದದ್ದೇ. ಕಲ್ಲಿನಾಥ ಹೆಲ್ಮೆಟ್ಟಿನೊಳಗಿಂದಲೇ ಶರಣು ಅಂದು ತಲೆಬಾಗಿಸಿ ವೇಗ ಹೆಚ್ಚಿಸಿದ. ಅವಳು ಹಿಂದೆಯೇ ಓಡಿಬರುವುದು ಕನ್ನಡಿಯಲ್ಲಿ ಕಂಡಿತು. ಎಂಥಾ ಭಕ್ತಿ ಎಂದುಕೊಂಡ.

ರಸ್ತೆ ಇಳಿಜಾರಾಯಿತು. ಪರದೆಯ ಮೇಲೆ ಗೆರೆ ನೆಟ್ಟಗೆ ಮುಂದಕ್ಕೆ ಹೋಗಿತ್ತು.

ಜಾಲಿಯ ಮರೆ ದಾಟಿದ್ದೇ, ನೀರು.

ಕಣ್ಣು ಹಾಯುವಷ್ಟೂ ನೀರು. ರಸ್ತೆ ನೆಟ್ಟಗೆ ಅದರೊಳಗೆ ಇಳಿದುಹೋಗಿತ್ತು. ಕಲ್ಲಿನಾಥ ಬ್ರೇಕನ್ನು ಒತ್ತಿ ಹಿಡಿದ. ಗಾಡಿ ಪಾಚಿಯ ಮೇಲೆ ಜಾರುತ್ತ ಹೋಯಿತು. ಮುಂದಿನ ಚಕ್ರ ಮುಳುಗಿತು, ಎಂಜಿನ್ ಕೆಮ್ಮಿ ಆರಿತು, ತಣ್ಣನೆಯ ನೀರು ತೊಡೆಗೆ ಬಡಿಯಿತು. ಹೇಗೋ ಕಾಲೂರಿದ.

ಸ್ವಲ್ಪ ಮುಂದೆ ಒಂದು ಕರೆಂಟಿನ ಕಂಬ. ಅದರ ತುದಿಯಷ್ಟೇ ನೀರಿನ ಮೇಲಿತ್ತು. ತುದಿಯ ಮೇಲೆ ಬೆಳ್ಳಕ್ಕಿಯೊಂದು ಕೂತಿತ್ತು.

ಕಲ್ಲಿನಾಥನ ಜೀವ ಬಾಯಿಗೆ ಬಂದಿತ್ತು. ಕಿರುಚಬೇಕಾದ ಯಂತ್ರ ತಣ್ಣಗೆ ಕೂತಿತ್ತು. ಅದರ ಪ್ರಕಾರ ಅವರು ಸರಿಯಾದ ದಾರಿಯಲ್ಲೇ ಇದ್ದರು.

ಹಿಂತಿರುಗಿ ನೋಡಿದ. ಅಜ್ಜ ನೀರಿನಲ್ಲಿ ಬರಿಗಾಲು ಇಳಿಬಿಟ್ಟು ಕೂತಿದ್ದರು. ಕೈಯಲ್ಲಿದ್ದ ಚಪ್ಪಲಿಗೆ ಒಂದು ಹನಿಯೂ ತಾಗಿರಲಿಲ್ಲ.

ನೀರು ಕಂಡಾಗ ಆಗದ ಆಘಾತ ಆ ಚಪ್ಪಲಿ ಕಂಡಾಗ ಆಯಿತು.

"ನಿಮಗ ಗೊತ್ತಿತ್ತು," ಎಂದ.

"ಹೂಂ."

"ಸಾಯತಿದ್ವಿ ಅಜ್ಜಾ. ಇಬ್ರೂ."

"ಹೂಂ. ನಾನೂ ನಿನ್ನ ಬೆನ್ನಿಗೇ ಕುಂತಿದ್ನೆಲ್ಲ."

ಗುರುವಿನ ಮೇಲೆ ಎಂದೂ ಬಾರದ ಸಿಟ್ಟು ಕಲ್ಲಿನಾಥನಿಗೆ ಬಂತು.

"ನಿಮ್ಮ ದಾರಿ ಅಂತ ನಂಬಿ ಬಂದ್ನಿ. ಈ ಗೆರಿ ಸುಳ್ಳೇನು?"

"ಗೆರಿ ಖರೇನ ಐತಿ. ಮುಚ್ಚಿದ್ದು ತಗದು ನೋಡು."

ಕಲ್ಲಿನಾಥ ಗುಂಡಿ ಒತ್ತಿದ. ತಾರೀಖು ಮೂಡಿತು. ಮೇ ತಿಂಗಳು, ದೊಡ್ಡ ಬರಗಾಲದ ವರ್ಷ. ಆ ಬೇಸಿಗೆಯಲ್ಲಿ ಹಿನ್ನೀರು ಪೂರಾ ಬತ್ತಿ, ಮುಳುಗಿದ್ದ ಹಳೆಯ ರಸ್ತೆ ಎದ್ದು ಬಂದಿತ್ತು. ಜನ ಎತ್ತಿನ ಗಾಡಿ ಹೊಡೆದುಕೊಂಡು ಅದರ ಮೇಲೆಯೇ ಆಚೆ ದಂಡೆಗೆ ಹೋಗುತ್ತಿದ್ದರು. ಅಜ್ಜನೂ ಹೋಗಿದ್ದರು.

ಅಷ್ಟರಲ್ಲಿ ಬಲೆಯ ಹೆಂಗಸು ಓಡೋಡಿ ಬಂದಳು. ನಿಲ್ಲಿರಿ ಎಂದು ಕೈ ಎತ್ತಿ ಹೊಯ್ಕೊಂಡರೆ ಶರಣು ಅಂತ ತಲೆಬಾಗಿಸಿ ಹೋಗುತ್ತೀಯಲ್ಲ, ಕಣ್ಣು ಎಲ್ಲಿಟ್ಟಿದ್ದಿ ಎಂದು ಕಲ್ಲಿನಾಥನಿಗೆ ಚೆನ್ನಾಗಿ ಬೈದಳು. ಬೈಯುತ್ತಲೇ ಗಾಡಿಗೆ ಕೈ ಹಚ್ಚಿದಳು. ಇಬ್ಬರೂ ಸೇರಿ ಅದನ್ನು ಮೇಲಕ್ಕೆ ಎಳೆದರು. ಕವಲಿಗೆ ವಾಪಸು ಹೋಗಿ ಬಲಕ್ಕೆ ತಿರುಗಿದರೆ ಸೇತುವೆ, ಸೇತುವೆ ಇಳಿದರೆ ಕರಿಹೊಳಿ ಎಂದು ಹೇಳಿ ಹೋದಳು.

ಕಲ್ಲಿನಾಥ ದಂಡೆಯಲ್ಲಿ ಕುಸಿದು ಕೂತ. ನೀರಿನಾಚೆ ಕರಿಹೊಳಿಯ ಮನೆಗಳು ಕಾಣುತ್ತಿದ್ದವು. ಕೊನೆಯ ತಗಡಿನ ಸೂರು ಬಾಳಪ್ಪನದು. ಕಣ್ಣು ತುಂಬಿಬಂದವು, ಆದರೂ ಹಟ ಬಿಡಲಿಲ್ಲ.

"ಸೇತುವಿ ದಾಟಸ್ತೀನ್ರಿ ಅಜ್ಜಾ. ಕರಿಹೊಳಿಗೆ ನೀವಷ್ಟ ಹೋಗಿ ಬರ್ರಿ. ನಾ ಊರ ಹೊರಗ ನಿಲ್ಲತೀನಿ. ಅಣ್ಣನ ಹೊಸ್ತಿಲಾ ತುಳೀಬ್ಯಾಡ ಅಂತ ನೀವ ಹೇಳೀರಿ."

ಅಜ್ಜ ಚಪ್ಪಲಿ ಕೆಳಗೆ ಹಾಕಿ ಕಾಲಿಗೆ ಮೆಟ್ಟಿದರು. ಬಾಗಿ, ಶಿಷ್ಯನ ಎರಡೂ ಕೈಗಳನ್ನು ಹಿಡಿದೆತ್ತಿದರು. ಒದ್ದೆಯಾಗಿದ್ದ ಆ ಅಂಗೈಗಳನ್ನು ಬಿಡಿಸಿ ಅವನ ಕಣ್ಣ ಮುಂದೆಯೇ ಹಿಡಿದರು.

"ನಾ ಆ ಮಾತು ಹೇಳಿದ ದಿನ ಈ ಕೈಯಾಗ ಏನಿತ್ತು?"