ಕಾರಿನೊಳಗಿನ ನಂದಾದೀಪ

"ಗುರುಗಳೇ, ಒಂದೊಂದನ್ನೇ ಬಿಟ್ಟು ನೋಡಿದೆ. ಇಸ್ಪೀಟು ಬಿಟ್ಟೆ, ಎಲೆಯಡಿಕೆ ಬಿಟ್ಟೆ, ಜಗಲಿಕಟ್ಟೆಯ ಹರಟೆಯನ್ನೂ ಬಿಟ್ಟೆ. ಆದರೂ ಮನೆಗೆ ಹೋಗುವ ಹೊತ್ತಿಗೆ ಹೆಂಡತಿ ಮಕ್ಕಳ ಪಾಲಿಗೆ ನಾನು ಉಳಿದಿರುವುದಿಲ್ಲ. ನನ್ನ ಕಸುವು ಎಲ್ಲಿ ಸೋರಿಹೋಗುತ್ತಿದೆ?"

ಹೀಗೆ ಕೇಳಿದವನು ಒಂಬತ್ತು ವರ್ಷದಿಂದ ಬೆಳಗೂ ಸಂಜೆಯೂ ತಪ್ಪದೆ ಮಠಕ್ಕೆ ಬರುತ್ತಿದ್ದ ಶಿಷ್ಯ. ಗುರುಗಳು ಈ ಕತೆ ಹೇಳಿದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅಚ್ಚು ಮುರಿಯದೆಯೇ ಒಳಗಿನ ಬಣ್ಣ ಹೇಳುವಂಥವನು. ಗೋದಾಮಿನಲ್ಲಿ ಒಂದು ಮೂಟೆ ಹಗುರಾದರೆ, ಇಲಿಯ ಬಿಲ ಸಿಗುವವರೆಗೆ ಊಟಕ್ಕೆ ಏಳುತ್ತಿರಲಿಲ್ಲ. ಅವನ ಹೆಂಡತಿಗೆ ಮೂತ್ರಪಿಂಡ ಕೈಕೊಟ್ಟಿತು. ಸೋಮವಾರ ಒಮ್ಮೆ, ಗುರುವಾರ ಒಮ್ಮೆ ಪಟ್ಟಣದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಅದಕ್ಕೆಂದೇ ವ್ಯಾಪಾರಿ ಹಳೆಯದೊಂದು ಕಾರು ತಂದ. ಉಳಿದ ದಿನ ಅದು ಮನೆ ಮುಂದೆ ನಿಂತಿರುತ್ತಿತ್ತು.

ಕಾರು ಬಂದ ದಿನವೇ ಹೆಂಡತಿ ಸ್ಟೇರಿಂಗ್ ಪಕ್ಕದಲ್ಲಿ ದೇವಿಯ ಪಟ ಇಡಿಸಿ, ಅದರ ಕೆಳಗೆ ಬೆರಳಗಾತ್ರದ ಬಲ್ಬು ಹಾಕಿಸಿದಳು. ಅದು ಹರಕೆಯ ನಂದಾದೀಪ. ಕೀಲಿ ತೆಗೆದರೂ ಆರಕೂಡದೆಂದು ಅದರ ವೈರನ್ನು ನೇರ ಬ್ಯಾಟರಿಗೇ ಕೊಡಿಸಿದಳು. ಆ ದೀಪ ಉರಿಯುವಷ್ಟು ದಿನ ತಾನೂ ಇರುತ್ತೇನೆ ಎಂಬುದು ಅವಳ ನಂಬಿಕೆ.

ಆಮೇಲೆ ಕಾರಿಗೂ ಒಂದು ರೋಗ ಅಂಟಿತು. ಗುರುವಾರ ಹೇಗೋ ಗೊಣಗಿಕೊಂಡು ಏಳುತ್ತಿತ್ತು. ಸೋಮವಾರ ಏಳುತ್ತಲೇ ಇರಲಿಲ್ಲ. ಬೀದಿಯವರು ತಳ್ಳಬೇಕು. ಎತ್ತಿನ ಗಾಡಿಯೇ ವಾಸಿ ಸಾಹುಕಾರ್ರೇ, ಮೇವು ತಿಂದದ್ದಕ್ಕೆ ನಡೆದಾದರೂ ನಡೆಯುತ್ತೆ ಎಂದು ಹಾಲಿನವನು ತಳ್ಳುತ್ತಲೇ ಚುಚ್ಚುತ್ತಿದ್ದ. ವ್ಯಾಪಾರಿ ಬ್ಯಾಟರಿ ಬದಲಿಸಿದ. ನಾಲ್ಕು ವಾರ ಸರಿಹೋಯಿತು, ಮತ್ತೆ ಅದೇ ಪಾಡು. ಇಬ್ಬರು ಮೆಕ್ಯಾನಿಕ್‌ಗಳು ಬಂದು ನೋಡಿದರು. ಇಬ್ಬರೂ ಕಾರು ಹತ್ತುವಾಗ ದೀಪಕ್ಕೆ ಕೈಮುಗಿದರು, ಇಳಿಯುವಾಗ ಬ್ಯಾಟರಿಯನ್ನು ಬೈದರು.

ಕೊನೆಗೆ ಒಬ್ಬ ಮುದಿ ಎಲೆಕ್ಟ್ರಿಷಿಯನ್ ಬಂದ. ಬ್ಯಾಟರಿ ಗಟ್ಟಿಯಾಗಿದೆ, ಓಡುವಾಗ ಚಾರ್ಜೂ ಆಗುತ್ತಿದೆ, ನಿಂತಾಗ ಏನೋ ಕುಡಿಯುತ್ತಿದೆ ಎಂದ. ಎಲ್ಲವನ್ನೂ ಆಫ್ ಮಾಡಿಸಿ, ಬ್ಯಾಟರಿಯ ಒಂದು ವೈರು ಬಿಚ್ಚಿ, ನಡುವೆ ಮೀಟರ್ ಇಟ್ಟ. ಮುಳ್ಳು ಎದ್ದು ನಿಂತಿತು. ಹಾರನ್ನಿನದು, ರೇಡಿಯೋದು, ಹೆಡ್‌ಲೈಟಿನದು ಎಂದು ಫ್ಯೂಸುಗಳನ್ನು ಒಂದೊಂದಾಗಿ ಕಿತ್ತ. ಕೊನೆಯದು ಕಿತ್ತರೂ ಮುಳ್ಳು ಇಳಿಯಲಿಲ್ಲ. ಮುದುಕ ತಲೆಯೆತ್ತಿದ. ಹತ್ತುವಾಗ ತಾನೂ ಕೈಮುಗಿದಿದ್ದ ದೀಪ ಉರಿಯುತ್ತಿತ್ತು.

"ಇದನ್ನ ಬಿಚ್ಚಿ ನೋಡ್ಲಾ?"

"ಅದು ದೇವರದು ಕಣಪ್ಪಾ."

"ದೇವರದೇ ಇರಲಿ. ಕರೆಂಟು ನಿಮ್ಮ ಬ್ಯಾಟರೀದು."

ವ್ಯಾಪಾರಿ ಬಿಚ್ಚಲು ಬಿಡಲಿಲ್ಲ. ಕಾರು ಓಡುವಾಗ ಮಾತ್ರ ಉರಿಯುವಂತೆ ಮಾಡಿಕೊಡುತ್ತೇನೆ ಎಂದ ಮುದುಕ. ನಿಂತಾಗ ಆರಿದರೆ ಅದು ನಂದಾದೀಪ ಹೇಗಾದೀತು ಎಂದ ಇವನು. ಹೆಂಡತಿಯನ್ನು ಕೇಳಿ ಹೇಳುತ್ತೇನೆ ಎಂದು ಸಾಗಹಾಕಿದ. ಕೇಳಲಿಲ್ಲ. ಹಾಸಿಗೆ ಹಿಡಿದವಳ ಮುಂದೆ ನಿಂತು ನಿನ್ನ ದೀಪ ಆರಿಸಲೇ ಎಂದು ಕೇಳುವ ಬಾಯಿ ಅವನಿಗಿರಲಿಲ್ಲ. ಇನ್ನೂ ದೊಡ್ಡ ಬ್ಯಾಟರಿ ಹಾಕಿಸಿದ. ಮೂಟೆಗೆ ತೂತು ಬಿತ್ತೆಂದು ದೊಡ್ಡ ಮೂಟೆ ಹೊಲಿಸುವವನನ್ನು ಮಂಡಿಯಲ್ಲಿ ಕಂಡಿದ್ದರೆ ಅವನೇ ನಗುತ್ತಿದ್ದ.

ಎರಡು ತಿಂಗಳು ನಡೆಯಿತು. ಒಂದು ಗುರುವಾರ ಆಸ್ಪತ್ರೆಯ ಯಂತ್ರ ಕೆಟ್ಟು ಅವಳ ಸರದಿ ತಪ್ಪಿತು. ಕಾರು ಏಳು ದಿನ ನಿಂತಲ್ಲೇ ನಿಂತಿತು. ಸೋಮವಾರ ಬೆಳಗ್ಗೆ ಅವಳ ಮುಖ ಊದಿತ್ತು, ಮೇಲುಸಿರು ಬರುತ್ತಿತ್ತು. ಎತ್ತಿ ತಂದು ಹಿಂದಿನ ಸೀಟಿನಲ್ಲಿ ಕೂರಿಸಿ ಕೀಲಿ ತಿರುಗಿಸಿದ. ಟಕ್ ಎಂದಿತು, ಅಷ್ಟೇ. ಬೀದಿಯವರು ಊರಬಾಗಿಲವರೆಗೆ ತಳ್ಳಿದರು, ಎಂಜಿನ್ ಹಿಡಿಯಲಿಲ್ಲ. ಬೇರೆ ಗಾಡಿ ತರಲು ಹಾಲಿನವನು ಓಡಿದ.

ವ್ಯಾಪಾರಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂತ. ಕಾರನ್ನು ಎಬ್ಬಿಸುವಷ್ಟು ಶಕ್ತಿ ಬ್ಯಾಟರಿಯಲ್ಲಿ ಇರಲಿಲ್ಲ. ಆ ಬಲ್ಬಿಗೆ ಸಾಲುವಷ್ಟು ಇತ್ತು. ಅದರ ತಂತಿ ಕೆಂಪಗೆ ಮಿಣುಕುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

"ಹೆದರಬೇಡಿ," ಎಂದಳು, "ದೀಪ ಉರೀತಾ ಇದೆಯಲ್ಲ."

ಅವನು ಹೂಂ ಎಂದ. ಗಾಡಿ ಬರುವಷ್ಟರಲ್ಲಿ ಅವಳ ಕೈ ತಣ್ಣಗಾಗಿತ್ತು. ದೀಪ ಇನ್ನೂ ಆರಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕಣ್ಣೊರೆಸಿಕೊಂಡ. ತನಗೆ ಎಲ್ಲ ಅರ್ಥವಾಯಿತೆಂದೂ, ನಾಳೆಯಿಂದ ಇನ್ನೂ ಒಂದು ಗಂಟೆ ಮೊದಲೇ ಮಠಕ್ಕೆ ಬರುವೆನೆಂದೂ ಹೇಳಿ ಪಾದಕ್ಕೆ ಬಾಗಿದ. ಗುರುಗಳು ಕಾಲು ಹಿಂದಕ್ಕೆಳೆದುಕೊಂಡರು.

"ನನ್ನನ್ನು ಬಿಟ್ಟು ನೋಡಿದ್ದೀಯಾ?"

ಬಾಗಿದ ತಲೆ ಮೇಲೇಳಲಿಲ್ಲ.