ಆಚಾರ್ಯರು ಕೊಂಡ ಡಾಂಗಲ್

ಫೋನಿಗೆ ಸಿಕ್ಕಿಸಿ ಹೆಡ್‌ಫೋನ್ ದನಿ ಹೆಚ್ಚಿಸುವ ಡಾಂಗಲ್ಲನ್ನು ವರದಾಚಾರ್ಯರು ಕೌಂಟರ್ ಮೇಲೆ ಕುಕ್ಕಿದರು. ಅವರು ವಾಪಸ್ ತಂದ ಎರಡನೇ ಡಾಂಗಲ್ ಅದು.

"ಸಂಗೀತ ಸಭೆಯ ಅಧ್ಯಕ್ಷನಮ್ಮಾ ನಾನು! ಇದರಲ್ಲಿ ತಂಬೂರಿ ತಗಡು ಬಡಿದಂಗೆ ಕೇಳುತ್ತೆ. ಒಳ್ಳೇದು ಕೊಡು!"

ಅಂಗಡಿ ಮಾಲೀಕ, ಕೌಂಟರಿನಲ್ಲಿದ್ದ ಕೆಲಸದ ಹುಡುಗಿ ಮುಬೀನಾಳ ಕಿವಿಯಲ್ಲಿ ಅಂದ: "ಇನ್ನೊಂದು ವಾಪಸ್ ಬಂದರೆ ನಾಳೆಯಿಂದ ನೀನು ಬರಬೇಡ."

ಮುಬೀನಾ ಆಚಾರ್ಯರನ್ನು ಕುರ್ಚಿಯಲ್ಲಿ ಕೂರಿಸಿದಳು. ಅವರ ಫೋನಿಗೇ ಒಂದೊಂದು ಡಾಂಗಲ್ ಸಿಕ್ಕಿಸಿ, ಅವರಿಗಿಷ್ಟವಾದ ಕೀರ್ತನೆಯನ್ನೇ ಹಾಕಿದಳು. ಅವರ ಬಾಯಿ ನಿಲ್ಲಲಿಲ್ಲ. ಒಂದರಲ್ಲಿ ಪಿಟೀಲು ಚೂಪಂತೆ, ಇನ್ನೊಂದರಲ್ಲಿ ಮೃದಂಗ ಮಂಕಂತೆ. ಅವಳು ಎಲ್ಲದಕ್ಕೂ ಹೂಂ ಅಂದಳು. ಕಣ್ಣು ಮಾತ್ರ ಅವರ ಬಲಗೈ ಮೇಲಿತ್ತು.

ಕಪ್ಪು ಡಾಂಗಲ್ ಸಿಕ್ಕಿಸಿದಾಗ ಮಾತು ನಿಂತಿತು, ಕಣ್ಣು ಮುಚ್ಚಿತು. ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕತೊಡಗಿತು. ಮುಬೀನಾ ಅದರ ಡಬ್ಬಿಯನ್ನು ಚೀಲಕ್ಕೆ ಹಾಕಿಬಿಟ್ಟಳು.

ಆಚಾರ್ಯರು ಕಣ್ಣು ಬಿಟ್ಟರು. "ಇದೇ ಅಂತ ನಿನಗೆ ಯಾರು ಹೇಳಿದರು? ಇದರಲ್ಲೂ ನೂರು ದೋಷ ಹೇಳಬಲ್ಲೆ!"

"ಹೇಳಿ ಸಾರ್. ಮೊದಲು ಆ ಕೈ ನಿಲ್ಲಿಸಿ."

ಆಚಾರ್ಯರು ಬಗ್ಗಿ ನೋಡಿಕೊಂಡರು. ಕೈ ಇನ್ನೂ ತಾಳ ಹಾಕುತ್ತಿತ್ತು.

"ಭಲೇ ಕಳ್ಳಿ ಕಣಮ್ಮಾ ನೀನು!" ಎಂದು ನಕ್ಕು ಚೀಲ ಎತ್ತಿಕೊಂಡರು.

ಆ ಡಾಂಗಲ್ ವಾಪಸ್ ಬರಲಿಲ್ಲ.