ಲುವೀನಿಯ ಬರೆದ ಮುಖಗಳು

ಶಿಷ್ಯನು ಕೇಳಿದನು: "ಗುರುಗಳೇ, ನಂಬಿ ಮೋಸಹೋದವರನ್ನು ಬೇಕಾದಷ್ಟು ಕಂಡಿದ್ದೇನೆ. ಸಂಶಯಪಟ್ಟು ಮೋಸಹೋದವರೂ ಇದ್ದಾರೆಯೇ?"

ಗುರುಗಳು ಹೇಳಿದರು:

ಅಮೆರಿಕದ ದಕ್ಷಿಣ ಸೀಮೆಯಲ್ಲಿ ಒಂದು ಊರು. ಅಲ್ಲಿನ ಕಪ್ಪು ಜನ ತೆರಿಗೆ ಕಟ್ಟಬೇಕಿತ್ತು, ಮತ ಹಾಕುವಂತಿರಲಿಲ್ಲ. ಮತದಾರರ ಪಟ್ಟಿಗೆ ಹೆಸರು ಬರೆಸಲು ಒಂಟಿಯಾಗಿ ಹೋದವರು ಏಟು ತಿಂದು ಬರುತ್ತಿದ್ದರು. ಎಲ್ಲರೂ ಒಟ್ಟಾಗಿ ಹೋಗೋಣವೆಂದು ಕೆಲವರು ಗುಟ್ಟಾಗಿ ಸೇರತೊಡಗಿದರು. ಕ್ಲೀವನ್ ಎಂಬ ಕ್ಷೌರಿಕನ ಅಂಗಡಿಯ ಹಿಂಕೋಣೆಯಲ್ಲಿ ಸಭೆ. ಬಾಗಿಲು ಕಾಯುವವನೂ ಅವನೇ.

ಲುವೀನಿಯ ಎಂಬ ಚಿತ್ರಗಾರ್ತಿ ಆ ಸಭೆಗೆ ಬರುತ್ತಿದ್ದಳು. ಅವರವಳೇ, ಉತ್ತರದ ಪಟ್ಟಣದಲ್ಲಿ ಕಲಿತು ಊರಿಗೆ ಮರಳಿದವಳು. ಮಾತು ಕಡಿಮೆ. ಮೂಲೆಯಲ್ಲಿ ಕುಳಿತು ಇದ್ದಿಲಿನಲ್ಲಿ ಒಬ್ಬೊಬ್ಬರ ಮುಖ ಬರೆಯುತ್ತಿದ್ದಳು. ಕ್ಲೀವನನಿಗೆ ಅದು ಸರಿಬೀಳಲಿಲ್ಲ. ಈ ಹಾಳೆಗಳು ಪೊಲೀಸರ ಕೈಸೇರಿದರೆ ನಮ್ಮ ಗತಿ ಏನು ಎಂದು ಅವನ ಎದೆ ಅಳುಕುತ್ತಿತ್ತು. ಒಂದು ದಿನ ಅವಳು ಊರಿನ ಬಿಳಿಯ ನ್ಯಾಯಾಧೀಶನ ಮನೆಯ ಹಿಂಬಾಗಿಲಿನಿಂದ ಹೊರಬಂದದ್ದನ್ನು ಅವನು ಕಂಡ. ಅಳುಕು ಬೇರುಬಿಟ್ಟಿತು.

ಮುಂದಿನ ಸಭೆಯಲ್ಲಿ ಎಲ್ಲರೆದುರಿಗೇ ಕೇಳಿದ: "ಆ ಮನೆಯಲ್ಲಿ ನಿನಗೇನು ಕೆಲಸ?"

"ಆ ಮನೆಯೊಡತಿಯ ಚಿತ್ರ ಬರೆಯುತ್ತಿದ್ದೇನೆ ಅಣ್ಣ. ಹೊಟ್ಟೆಪಾಡು."

"ನಮ್ಮ ಮುಖ ಬರೆಯುವುದು?"

"ನಾಳೆ ನಮ್ಮನ್ನು ಯಾರೂ ಇಲ್ಲವೆನ್ನಬಾರದು, ಅದಕ್ಕೆ."

ಹಾಳೆಗಳನ್ನು ಸುಡು ಎಂದ ಕ್ಲೀವನ್. "ಇವು ನಿಮ್ಮ ಮುಖಗಳು. ನಿಮಗೆ ಬೇಡವಾದರೆ ಇಟ್ಟುಕೊಳ್ಳಲು ನಾನು ಯಾರು?" ಎಂದು ಅವಳು ಒಂದೊಂದಾಗಿ ಒಲೆಗೆ ಹಾಕಿ ಹೊರಟುಹೋದಳು.

ಅಷ್ಟಾದರೂ ಅವನಿಗೆ ಸಮಾಧಾನವಾಗಲಿಲ್ಲ. ಸುಟ್ಟದ್ದು ಎಲ್ಲವನ್ನೂ ತಾನೇ? ನ್ಯಾಯಾಧೀಶನ ಕಾರು ಓಡಿಸುವವನು ಕ್ಷೌರಕ್ಕೆ ಬಂದಾಗ ಕ್ಲೀವನ್ ಮೆಲ್ಲನೆ ಕೇಳಿದ: "ಆ ಚಿತ್ರಗಾರ್ತಿ ನಮ್ಮ ಗುರುವಾರದ ಸಭೆಯ ಮಾತೇನಾದರೂ ಅಲ್ಲಿ ಆಡುತ್ತಾಳೆಯೇ?" ಅವನು ಇಲ್ಲವೆಂದು ತಲೆಯಾಡಿಸಿದ.

ಆ ಗುರುವಾರ ಪೊಲೀಸರು ಬಾಗಿಲು ಮುರಿದು ನುಗ್ಗಿದರು. ಏಮಸ್ ಎಂಬ ಬಡಗಿ ಅಡ್ಡ ನಿಂತ. ಹೊಡೆತ ಅವನ ತಲೆಗೆ ಬಿತ್ತು. ಬೆಳಗಾಗುವಷ್ಟರಲ್ಲಿ ಲಾಕಪ್ಪಿನಲ್ಲಿ ಅವನ ಪ್ರಾಣ ಹೋಯಿತು. ಲುವೀನಿಯಳದೇ ಕೆಲಸ ಎಂದು ಊರೆಲ್ಲ ಆಡಿತು. ಕ್ಲೀವನ್ ಎಲ್ಲರಿಗಿಂತ ಜೋರಾಗಿ ಆಡಿದ.

ಕೆಲವು ದಿನ ಕಳೆದು ಕಾರಿನವನು ಮತ್ತೆ ಕ್ಷೌರಕ್ಕೆ ಬಂದ. ಕ್ಲೀವನ್ ಅವಳನ್ನು ಬೈಯುತ್ತಿದ್ದುದನ್ನು ಕೇಳಿ ನಕ್ಕ. "ಅವಳೆಲ್ಲಿ ಬಾಯಿಬಿಟ್ಟಳು? ಗುರುವಾರ ಸಭೆಯಿದೆಯೆಂದು ನನಗೆ ಹೇಳಿದವನು ನೀನು. ನಾನು ಒಡೆಯನಿಗೆ ಹೇಳಿದೆ."

ಕ್ಲೀವನನ ಕೈಯಲ್ಲಿದ್ದ ಕತ್ತಿ ನಿಂತಿತು. ಅಂಗಡಿ ಮುಚ್ಚಿ, ನಿಜ ಹೇಳಿಬಿಡುತ್ತೇನೆಂದು ನೇರ ಲುವೀನಿಯಳ ಮನೆಗೆ ನಡೆದ. ಅಲ್ಲಿ ಏಮಸನ ಹೆಂಡತಿ ಕುಳಿತಿದ್ದಳು. ಗಂಡನ ಒಂದು ಫೋಟೋ ಕೂಡ ಅವಳ ಬಳಿ ಇರಲಿಲ್ಲ. ಒಲೆಗೆ ಹೋದ ಅವನ ಚಿತ್ರವನ್ನು ಲುವೀನಿಯ ನೆನಪಿನಿಂದ, ಮೆರವಣಿಗೆಗೆಂದು ಎರಡು ಕೋಲುಗಳ ನಡುವೆ ಕಟ್ಟಿದ ದೊಡ್ಡ ಬಟ್ಟೆಯ ಮೇಲೆ ಮತ್ತೆ ಬರೆಯುತ್ತಿದ್ದಳು. ಏಮಸನ ಸುತ್ತ ಸಭೆಯವರನ್ನೆಲ್ಲ ಬರೆದಿದ್ದಳು. ಕ್ಲೀವನನೂ ಅದರಲ್ಲಿದ್ದ. ಉಳಿದವರೆಲ್ಲ ನೇರ ನೋಡುತ್ತಿದ್ದರು. ಅವನ ಕಣ್ಣು ಮಾತ್ರ ಓರೆಯಾಗಿತ್ತು.

"ಏನಣ್ಣ, ಹೇಳಲು ಬಂದದ್ದು?" ಎಂದಳು.

"ಬಟ್ಟೆ ಹಿಡಿಯಲು ಒಬ್ಬರು ಬೇಕಾದೀತೆಂದು ಬಂದೆ" ಎಂದ.

ಗಂಡನನ್ನು ಕಳೆದುಕೊಂಡವಳೇ ಲುವೀನಿಯಳ ಜೊತೆ ನಿಂತಾಗ ಊರಿನ ದೂರು ಅಡಗಿತು. ಆ ಚಿತ್ರವನ್ನು ಮುಂದಿಟ್ಟುಕೊಂಡು ಊರಿನ ಕಪ್ಪು ಜನರೆಲ್ಲ ಹೆಸರು ಬರೆಸಲು ಕಚೇರಿಗೆ ನಡೆದರು. ಅಷ್ಟು ಜನರನ್ನು ಹೊಡೆದಟ್ಟಲು ಪೊಲೀಸರಿಗೆ ಆಗಲಿಲ್ಲ. ಹೆಸರುಗಳು ಪಟ್ಟಿ ಸೇರಿದವು. ಬಟ್ಟೆಯ ಒಂದು ಕೋಲನ್ನು ಕ್ಲೀವನ್ ಹಿಡಿದಿದ್ದ, ಇನ್ನೊಂದನ್ನು ಲುವೀನಿಯ.

ಶಿಷ್ಯನು ಕೇಳಿದನು: "ಆಮೇಲಾದರೂ ಅವನು ಅವಳಿಗೆ ನಿಜ ಹೇಳಿದನೇ?"

"ಇಲ್ಲ," ಎಂದರು ಗುರುಗಳು, "ಅವಳಿಗೆ ಮೊದಲೇ ಗೊತ್ತಿತ್ತೋ ಏನೋ ಎಂಬ ಸಂಶಯದಲ್ಲೇ ಅವನ ಆಯುಷ್ಯ ಕಳೆಯಿತು."